ಬಿಸಿಲು ಮತ್ತು ಬಿಸಿನೀರು: ಬಚ್ಚಲುಮನೆಯ ಉರುವಲಿನ ವಿಚಾರ

ಬಿಸಿ, ಬಿಸುಪು, ಬಿಸಿಲು ಎಂಬ ಶಬ್ದಗಳು ಒಂದೇ ಮೂಲದಿಂದ ಹುಟ್ಟಿದುವೆಂಬುದು ಭಾಷಾಶಾಸ್ತ್ರಜ್ಞರಿಗೆ ತಿಳಿದ ಸಂಗತಿ. ಹಳಗನ್ನಡದಲ್ಲಿ ಸೂರ್ಯನಿಗೆ ಬಿಸುಗದಿರನೆಂದು ಹೆಸರು. ತಮಿಳಿನಲ್ಲಿ ಬಿಸಿಲು ವೆಯಿಲ್ ಎಂದೂ ಬಿಸಿನೀರು ವೆನ್ನೀರ್ ಎಂದೂ ಕರೆಯಲ್ಪಡುವುವು. ಕನ್ನಡದ ಬಕಾರವು ನಿಲ್ಲುವೆಡೆ ಅಲ್ಲಿ ವಕಾರವು ನಿಲ್ಲುವುದು ಸಾಮಾನ್ಯವಾದುದರಿಂದ ಈ ಬಳಗವೆಲ್ಲವೂ ಒಂದೇ ಮನೆತನಕ್ಕೆ ಸೇರಿದುದೆನ್ನಲು ಅಡ್ಡಿಯಿಲ್ಲ. ಆದರೆ ಶಬ್ದಕೋಶದಲ್ಲಿ ನೆರೆಹೊರೆಯಾಗಿದ್ದ ಬಿಸಿಲೂ ಬಿಸಿನೀರೂ ಬಾಳಿನಲ್ಲಿ ಬಹುಕಾಲ ದೂರದೂರವೇ ಉಳಿದುವು. ಅಂಗಳದಲ್ಲಿ ಬಿಸಿಲು ಬಿದ್ದು ಹೋಗುತ್ತಿದ್ದಿತು. ಹಿತ್ತಿಲ ಬಚ್ಚಲಿನಲ್ಲಿ ಸೌದೆ ಉರಿಯುತ್ತಿದ್ದಿತು. ಬಿಸಿಲಿಗಿಟ್ಟ ಬಿಂದಿಗೆಯ ನೀರು ಉಗುರುಬೆಚ್ಚಗಾಗುವುದನ್ನು ಕಾಣದ ಗೃಹಿಣಿಯಿಲ್ಲವಷ್ಟೆ. ಆದರೆ ಮೀಯುವುದು ಬೆಳಗಿನ ಜಾವದಲ್ಲಿ, ಬಿಸಿಲು ಏರುವುದು ಮಧ್ಯಾಹ್ನದಲ್ಲಿ. ಆ ಹೊತ್ತಿನ ಕಾವನ್ನು ಈ ಹೊತ್ತಿನವರೆಗೆ ಕಾಯ್ದಿಡುವ ಉಪಾಯ ಮನೆಯಲ್ಲಿರಲಿಲ್ಲ. ಕನ್ನಡನಾಡಿನ ಮನೆಗಳಲ್ಲಿ ಇವೆರಡನ್ನೂ ಕೂಡಿಸುವ ಕೆಲಸವು ನಡೆದುದು ಕಳೆದ ನಾಲ್ಕೈದು ದಶಕಗಳಲ್ಲಿ ಮಾತ್ರ. ಅದೂ ಇನ್ನೂ ಪೂರ್ತಿಯಾಗಿಲ್ಲ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು ಸ್ನಾನವನ್ನು ಅರಸನ ಉಪಭೋಗಗಳಲ್ಲಿ ಒಂದನ್ನಾಗಿ ಎಣಿಸುತ್ತದೆ. ಸಾಮಾನ್ಯರ ಮನೆಯಲ್ಲಿ ಅದು ಉಪಭೋಗವಾಗುವುದಕ್ಕೆ ಮೊದಲು ದುಡಿಮೆಯಾಗಿದ್ದಿತು. ಸೇದುವುದು, ಹೊರುವುದು, ತುಂಬುವುದು, ಊದುವುದು ಇವೆಲ್ಲವೂ ಹೆಚ್ಚಾಗಿ ಹೆಂಗಸರ ಪಾಲಿನವು. ಬಚ್ಚಲೆಂಬ ಒಂದೇ ಮಾತು ಮೀಯುವ ತಾಣಕ್ಕೂ ಮಿಂದ ನೀರು ಹರಿದುಹೋಗುವ ಮೋರಿಗೂ ಸಲ್ಲುತ್ತದೆ. ಆ ನೀರು ಬಾಳೆಯ ಬುಡಕ್ಕೋ ಬಸಳೆಯ ಚಪ್ಪರಕ್ಕೋ ಸೇರುತ್ತಿದ್ದುದರಿಂದ ಈ ಎರಡು ಅರ್ಥಗಳಲ್ಲಿ ವಿರೋಧವೇನೂ ಇದ್ದಂತೆ ತೋರದು. ಒಳಗೆ ಒಂದು ಮೂಲೆಯಲ್ಲಿ ನೀರೊಲೆ. ಅದರ ಮೇಲೆ ಮಣ್ಣಿನಿಂದ ಮೆತ್ತಿ ಕೂರಿಸಿದ ತಾಮ್ರದ ಹಂಡೆ. ಹಂಡೆಯನ್ನು ಒಲೆಯಿಂದ ಇಳಿಸುವ ಪದ್ಧತಿಯಿಲ್ಲ. ತೋಡಿಕೊಂಡಷ್ಟು ತಣ್ಣೀರು ಸುರಿದು ಮತ್ತೆ ಕಾಯಿಸುವುದೇ ಕ್ರಮ.

ಈ ನೀರೊಲೆಯ ವಿಷಯದಲ್ಲಿ ವಿಶೇಷವಾಗಿ ಗಮನಿಸತಕ್ಕುದು ಅದರ ಉರುವಲು. ಅಡಿಗೆಯ ಒಲೆಗೆ ಒಣಗಿದ, ಹೊಗೆ ಕಡಿಮೆಯಾದ, ಉರಿ ನಿಲ್ಲುವ ಸೌದೆ ಬೇಕು. ನೀರೊಲೆಗೆ ಆ ಮರ್ಯಾದೆಯಿಲ್ಲ. ತೆಂಗಿನ ಗರಿ, ಮಟ್ಟೆ, ಕರಟ, ಅಡಿಕೆಯ ಸಿಪ್ಪೆ, ತರಗೆಲೆ, ತೋಟದ ಕಸಕಡ್ಡಿ ಮೊದಲಾಗಿ ಬೇರೆಡೆ ಸಲ್ಲದುದೆಲ್ಲವೂ ಇಲ್ಲಿ ಸಲ್ಲುತ್ತಿದ್ದಿತು. ಉತ್ತಮವಾದ ಉರಿಯನ್ನು ಉತ್ತಮವಾದ ಕೆಲಸಕ್ಕೂ ಕೀಳು ಉರಿಯನ್ನು ಸುಲಭವಾದ ಕೆಲಸಕ್ಕೂ ಮೀಸಲಿಡುವ ಈ ತಾರತಮ್ಯವನ್ನು ಯಾರೂ ಶಾಸ್ತ್ರವೆಂದು ಬರೆದಿಡಲಿಲ್ಲ. ಆದರೂ ಮುಂದೆ ಬಂದ ಸಾಧನಗಳನ್ನು ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ದೊರೆಯುವುದು ಕಷ್ಟ. ಅನ್ನ ಬೇಯುವುದಕ್ಕೆ ನೀರು ಕುದಿಯಬೇಕು, ಎಣ್ಣೆ ಕಾಯುವುದಕ್ಕೆ ಅದಕ್ಕೂ ಹೆಚ್ಚಿನ ಉಷ್ಣಮಾನ ಬೇಕು. ಮೀಯುವ ನೀರಿಗಾದರೋ 40 ಡಿಗ್ರಿಯ ಆಸುಪಾಸು ಸಾಕು. ಮನೆಯಲ್ಲಿ ಬೇಕಾಗುವ ಶಾಖಗಳಲ್ಲೆಲ್ಲ ಇದು ಮೆತ್ತನೆಯದು.

ಲೆಕ್ಕವನ್ನು ಒಮ್ಮೆ ನೋಡುವುದು ಯುಕ್ತ. ನಾಲ್ವರಿರುವ ಮನೆಯಲ್ಲಿ ತಲೆಗೆ 25 ಲೀಟರಿನಂತೆ 100 ಲೀಟರು ನೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಬೇಕಾದರೆ 2,000 ಕಿಲೋಕ್ಯಾಲರಿ ಶಾಖ ಬೇಕು. ಒಣಗಿದ ಸೌದೆಯ ಒಂದು ಕಿಲೋಗ್ರಾಮಿನಲ್ಲಿ ಸುಮಾರು 4,000 ಕಿಲೋಕ್ಯಾಲರಿ ಅಡಗಿರುವುದರಿಂದ ಅರ್ಧ ಕಿಲೋ ಸೌದೆಯೇ ಸಾಕಾಗಬೇಕು. ಆದರೆ ಬಾಯಿ ತೆರೆದ ಹಳೆಯ ಒಲೆಯಲ್ಲಿ ನೂರಕ್ಕೆ ಹತ್ತರಷ್ಟು ಶಾಖ ನೀರಿಗೆ ಸೇರಿದರೆ ಹೆಚ್ಚು. ಮಿಕ್ಕುದು ಗೋಡೆಗೂ ಗಾಳಿಗೂ ಹೊಗೆಗೂ ಹಂಚಿಹೋಗುವುದು. ಹೀಗೆ ಅರ್ಧ ಕಿಲೋ ಐದು ಕಿಲೋ ಆಗುತ್ತದೆ. ತೋಟವುಳ್ಳವನಿಗೆ ಇದು ಭಾರವಲ್ಲ. ಬಯಲುಸೀಮೆಯಲ್ಲಿ ಮೈಲಿಗಟ್ಟಲೆ ನಡೆದು ಪುಳ್ಳೆ ಆಯ್ದು ತರುವ ಹೆಂಗಸಿಗೆ ಆ ನಾಲ್ಕೂವರೆ ಕಿಲೋ ಎಂದರೆ ತಲೆಯ ಮೇಲಿನ ಹೊರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಸಾಯನಶಾಸ್ತ್ರಜ್ಞರಾದ ಅಮೂಲ್ಯ ಕೆ. ಎನ್. ರೆಡ್ಡಿಯವರು 1974ರಲ್ಲಿ ಗ್ರಾಮಗಳಿಗೆ ವಿಜ್ಞಾನವನ್ನು ಅನ್ವಯಿಸುವ ಉದ್ದೇಶದಿಂದ ಅಸ್ತ್ರ ಎಂಬ ಶಾಖೆಯನ್ನು ಸ್ಥಾಪಿಸಿದರು. ಅಲ್ಲಿಯವರು ಮೊದಲು ಮಾಡಿದುದು ಯಂತ್ರವನ್ನು ನಿರ್ಮಿಸುವುದಲ್ಲ. ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಉರುವಲು, ಎಷ್ಟು ಮೈದುಡಿಮೆ ವೆಚ್ಚವಾಗುತ್ತದೆಂಬುದನ್ನು ಮನೆಮನೆಯಲ್ಲಿ ಅಳೆದುದು. ಸೌದೆಯ ಬಹುಭಾಗವು ಅಡಿಗೆಗೂ ನೀರು ಕಾಯಿಸುವುದಕ್ಕೂ ಹೋಗುವುದು ಸ್ಪಷ್ಟವಾಯಿತು. ಅನಂತರ 1980ರ ದಶಕದಲ್ಲಿ ರೂಪುಗೊಂಡುದು ಅಸ್ತ್ರ ಒಲೆ. ಅದೇ ತತ್ತ್ವದ ಮೇಲೆ ನೀರೊಲೆಯೂ ಸಿದ್ಧವಾಯಿತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರವಿದ್ಯಾ ಮಂಡಳಿಯು ಇಂಥ ಒಲೆಗಳನ್ನು ಹಳ್ಳಿಗಳಿಗೆ ಒಯ್ದಿತು. ಅವುಗಳಲ್ಲಿ ಗಹನವಾದುದೇನೂ ಇಲ್ಲ: ಸೌದೆಯ ಕೆಳಗೆ ಕಬ್ಬಿಣದ ಜಾಲರಿ, ಬೇಕಾದಷ್ಟೇ ಗಾಳಿ ನುಗ್ಗುವ ಕಿಂಡಿ, ಪಾತ್ರೆಯ ತಳವನ್ನಷ್ಟೇ ಅಲ್ಲದೆ ಪಕ್ಕವನ್ನೂ ಸವರಿಕೊಂಡು ಹೋಗುವ ಬಿಸಿಗಾಳಿಯ ದಾರಿ, ಕೊನೆಗೆ ಹೊಗೆಗೊಳವೆ. ನೂರಕ್ಕೆ ಹತ್ತರ ಬದಲು ಮೂವತ್ತರಷ್ಟು ಶಾಖ ನೀರಿಗೆ ಸೇರಿದರೂ ಮೇಲಿನ ಐದು ಕಿಲೋ ಒಂದೂಮುಕ್ಕಾಲು ಕಿಲೋಗೆ ಇಳಿಯುವುದು. ವರ್ಷಕ್ಕೆ ಒಂದು ಮನೆಗೆ ಒಂದು ಟನ್ನಿಗೆ ಮೀರಿದ ಸೌದೆ ಉಳಿಯುವುದು. ಕಣ್ಣುರಿಯೂ ಕೆಮ್ಮೂ ಕಡಿಮೆಯಾಗುವುದು ಬೇರೆ. ಆದರೆ ಕಿಂಡಿಯ ಅಳತೆ ಬೆರಳಗಲ ತಪ್ಪಿದರೂ, ಗೊಳವೆಯ ಮಸಿಯನ್ನು ತೆಗೆಯದಿದ್ದರೂ ಗುಣ ಕೆಡುವುದು. ಒಲೆಯನ್ನು ಹಂಚುವುದಕ್ಕಿಂತ ಒಲೆ ಕಟ್ಟುವವನನ್ನು ತಯಾರುಮಾಡುವುದು ಕಠಿನವಾದ ಕೆಲಸ.

ಪಟ್ಟಣಗಳ ಕಥೆ ಬೇರೆ. ಗೀಸರ್ ಎಂಬ ಮಾತು ಐಸ್‌ಲೆಂಡ್ ದ್ವೀಪದ ಒಂದು ಬಿಸಿನೀರಿನ ಚಿಲುಮೆಯ ಹೆಸರಿನಿಂದ ಬಂದುದು. ಲಂಡನ್ನಿನ ಬೆಂಜಮಿನ್ ಮಾನ್ ಎಂಬಾತನು 1868ರಲ್ಲಿ ಅನಿಲದ ಉರಿಯಿಂದ ನೀರು ಕಾಯಿಸುವ ತನ್ನ ಯಂತ್ರಕ್ಕೆ ಆ ಹೆಸರಿಟ್ಟನು. ಇಂಗ್ಲಿಷಿನ ಮೂಲಕ ಅದು ಕನ್ನಡದ ಬಚ್ಚಲನ್ನು ಹೊಕ್ಕು ವಿದ್ಯುತ್ತಿನ ಪೆಟ್ಟಿಗೆಗೆ ಅಂಟಿಕೊಂಡಿತು. ಗುಂಡಿಯೊತ್ತಿದರೆ ನೀರು ಕಾಯುವ ಈ ಪೆಟ್ಟಿಗೆಯು ಹೆಂಗಸರನ್ನು ಹೊಗೆಯಿಂದಲೂ ಹೊರೆಯಿಂದಲೂ ಬಿಡಿಸಿದುದನ್ನು ಹಗುರವಾಗಿ ಎಣಿಸಲಾಗದು. ಆದರೆ ಉರುವಲಿನ ತಾರತಮ್ಯವು ಇಲ್ಲಿಯೇ ತಲೆಕೆಳಗಾಯಿತು. ದೀಪ ಬೆಳಗುವ, ಯಂತ್ರ ತಿರುಗಿಸುವ ಶಕ್ತಿಯನ್ನು, ಅಂದರೆ ಶಕ್ತಿಗಳಲ್ಲೆಲ್ಲ ಉತ್ತಮವಾದುದನ್ನು, ತರಗೆಲೆಯಿಂದ ಆಗುವ ಕೆಲಸಕ್ಕೆ ಹಚ್ಚಿದಂತಾಯಿತು.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ಕಾಲದಿಂದ ಬಹಳ ವರ್ಷ ಈ ನಾಡಿನ ವಿದ್ಯುತ್ತೆಲ್ಲ ನದಿಗಳಿಂದಲೇ ಬರುತ್ತಿದ್ದಿತು. ರಾಯಚೂರಿನಲ್ಲಿ ಕಲ್ಲಿದ್ದಲಿನ ಸ್ಥಾವರವು 1985ರಲ್ಲಿ ಆರಂಭವಾದ ಮೇಲೆ ಲೆಕ್ಕ ಬದಲಾಯಿತು. ಮೇಲೆ ಹೇಳಿದ 2,000 ಕಿಲೋಕ್ಯಾಲರಿ ಎಂದರೆ ಸುಮಾರು ಎರಡೂಕಾಲು ಯೂನಿಟ್ ವಿದ್ಯುತ್ತು. ಕಲ್ಲಿದ್ದಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ವಿದ್ಯುತ್ತಾಗುವುದರಿಂದ ಇಷ್ಟಕ್ಕೆ ಒಂದೂವರೆ ಕಿಲೋದಷ್ಟು ಇದ್ದಲು ಬೇಕು. ತಂತಿಯಲ್ಲಿ ಸೋರುವುದು, ಪೆಟ್ಟಿಗೆಯಲ್ಲಿ ಆರುವುದು ಬೇರೆ. ಒಳ್ಳೆಯ ನೀರೊಲೆಯಲ್ಲಿ ಸುಡುವ ಸೌದೆಯ ತೂಕಕ್ಕೆ ಇದು ಹೆಚ್ಚುಕಡಿಮೆ ಸಮ. ಬಚ್ಚಲಿನ ಹೊಗೆ ಇಲ್ಲವಾಗಲಿಲ್ಲ. ಕಾಣದ ಊರಿಗೆ ವರ್ಗವಾಯಿತು. ಎಲ್ಲ ಮನೆಗಳಲ್ಲೂ ಸ್ನಾನವು ಬೆಳಗಿನ ಒಂದೆರಡು ಗಂಟೆಗಳಲ್ಲಿಯೇ ನಡೆಯುವುದರಿಂದ ಆ ಹೊತ್ತಿನ ಬೇಡಿಕೆಯನ್ನು ಪೂರೈಸುವುದಕ್ಕಾಗಿಯೇ ಹೊಸ ಸ್ಥಾವರಗಳು ಬೇಕೆಂಬ ವಾದವೂ ಹುಟ್ಟಿತು.

ಆ ವಾದಕ್ಕೆ ಎದುರಾದುದು ರೆಡ್ಡಿಯವರ ಲೆಕ್ಕವೇ. ಕರ್ನಾಟಕಕ್ಕೆ ಎಷ್ಟು ವಿದ್ಯುತ್ತು ಬೇಕಾದೀತೆಂದು 1987ರಲ್ಲಿ ಸರ್ಕಾರದ ಸಮಿತಿಯೊಂದು ದೀರ್ಘಾವಧಿಯ ಯೋಜನೆಯನ್ನು ಹಾಕಿದ್ದಿತು. ರೆಡ್ಡಿಯವರೂ ಸಂಗಡಿಗರೂ 1991ರಲ್ಲಿ ಪ್ರಕಟಿಸಿದ ಬದಲಿ ಯೋಜನೆಯಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು: ಜನರಿಗೆ ಬೇಕಾದುದು ವಿದ್ಯುತ್ತಲ್ಲ, ಬೆಳಕು, ಬಿಸಿನೀರು, ನೀರಾವರಿ, ಇವುಗಳನ್ನು ಕಡಿಮೆ ಶಕ್ತಿಯಿಂದ ಒದಗಿಸುವ ಬಗೆ ಯಾವುದು? ಅವರು ತೋರಿಸಿದ ದಾರಿಗಳಲ್ಲಿ ವಿದ್ಯುತ್ ಗೀಸರಿನ ಬದಲು ಬಿಸಿಲಿನಿಂದ ನೀರು ಕಾಯಿಸುವುದೂ ಒಂದು. ಬಚ್ಚಲ ಹಂಡೆಯು ರಾಜ್ಯದ ಅರ್ಥನೀತಿಯ ಚರ್ಚೆಯೊಳಗೆ ಪ್ರವೇಶಿಸಿದುದು ಹೀಗೆ.

ಬಿಸಿಲಿನ ಸಾಧನವು ಹೊಸದಲ್ಲ. ಜಿನೀವಾದ ಸೊಸ್ಯೂರ್ ಎಂಬ ವಿದ್ವಾಂಸನು 1767ರಲ್ಲಿಯೇ ಗಾಜು ಮುಚ್ಚಿದ ಪೆಟ್ಟಿಗೆಯೊಳಗೆ ಬಿಸಿಲಿನ ಕಾವನ್ನು ಸೆರೆಹಿಡಿದಿದ್ದನು. ಅಮೆರಿಕದಲ್ಲಿ ಕ್ಲಾರೆನ್ಸ್ ಕೆಂಪ್ ಎಂಬಾತನು 1891ರಲ್ಲಿ ಬಿಸಿಲಿನಿಂದ ನೀರು ಕಾಯಿಸುವ ಯಂತ್ರವನ್ನು ಮಾರಾಟಕ್ಕೆ ತಂದನು. ಆದರೆ ಅದರ ನೀರು ರಾತ್ರಿಯಾಗುತ್ತಲೇ ಆರಿಹೋಗುತ್ತಿದ್ದಿತು. ಕ್ಯಾಲಿಫೋರ್ನಿಯದ ವಿಲಿಯಂ ಬೇಯ್ಲಿಯು 1909ರಲ್ಲಿ ಕಾಯುವ ಹಲಗೆಯನ್ನೂ ಕೂಡಿಡುವ ತೊಟ್ಟಿಯನ್ನೂ ಬೇರೆ ಮಾಡಿ ತೊಟ್ಟಿಗೆ ಹೊದಿಕೆ ಹೊದಿಸಿದ ಮೇಲೆ ಮಧ್ಯಾಹ್ನದ ಬಿಸಿಲು ಮರುದಿನದ ಬೆಳಗನ್ನು ಮುಟ್ಟಿತು. ಇಂದು ಜನರ ಬಾಯಲ್ಲಿ ಸೋಲಾರ್ ಎಂದು ಕರೆಯಲ್ಪಡುವ ಸಾಧನದ ಮರ್ಮವೂ ಇಷ್ಟೆ. ಛಾವಣಿಯ ಮೇಲೆ ದಕ್ಷಿಣಕ್ಕೆ ಓರೆಯಾಗಿ ಗಾಜಿನ ಹಲಗೆ, ಅದರೊಳಗೆ ಕಪ್ಪು ಬಳಿದ ತಾಮ್ರದ ತಗಡು ಮತ್ತು ನಳಿಗೆಗಳು, ಅದಕ್ಕಿಂತ ಮೇಲೆ ತೊಟ್ಟಿ. ಕಾದ ನೀರು ಹಗುರವಾಗಿ ತಾನಾಗಿಯೇ ತೊಟ್ಟಿಗೆ ಏರುವುದು, ತಣ್ಣೀರು ಭಾರವಾಗಿ ಹಲಗೆಗೆ ಇಳಿಯುವುದು. ನೂಕುವ ಯಂತ್ರವೇ ಬೇಡ. ಈ ನಾಡಿನಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ ಸರಾಸರಿ 5 ಯೂನಿಟ್‌ನಷ್ಟು ಬಿಸಿಲು ಬೀಳುತ್ತದೆ. ಎರಡು ಚದರ ಮೀಟರಿನ ಹಲಗೆ ಅದರ ಅರ್ಧವನ್ನು ಹಿಡಿದರೂ 100 ಲೀಟರು ನೀರು 40 ಡಿಗ್ರಿಗೂ ಹೆಚ್ಚು ಏರುವುದು. ಅಂದರೆ 20 ಡಿಗ್ರಿಯ ನೀರು 60ನ್ನು ದಾಟುವುದು. ತಣ್ಣೀರು ಬೆರೆಸಿಕೊಳ್ಳದೆ ಮೈಗೆ ಸುರಿದುಕೊಳ್ಳಲಾಗದು.

ವಿದ್ಯುತ್ ನಿಯಂತ್ರಣ ಆಯೋಗವು ಬಿಸಿಲಿನ ಸಾಧನವುಳ್ಳ ಮನೆಗಳಿಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿಯವರೆಗೆ ರಿಯಾಯಿತಿಯನ್ನು ಕೊಡಿಸಿದ್ದಿತು. 2007ರಲ್ಲಿ ಸರ್ಕಾರವು ಗೊತ್ತಾದ ಅಳತೆಗೆ ಮೀರಿದ ಹೊಸ ಕಟ್ಟಡಗಳಿಗೆ ಇದನ್ನು ಕಡ್ಡಾಯಗೊಳಿಸಿತು. ಬೆಂಗಳೂರಿನ ಬಡಾವಣೆಗಳ ಛಾವಣಿಗಳಲ್ಲಿ ಸಾಲುಸಾಲಾಗಿ ತೊಟ್ಟಿಗಳು ಕಾಣಿಸಿಕೊಂಡುದಕ್ಕೆ ಈ ನಿಯಮವೂ ಮೇಲೆ ಹೇಳಿದ ಬಿಸಿಲಿನ ಧಾರಾಳವೂ ಕಾರಣ.

ಆದರೂ ದೋಷಗಳನ್ನು ಮುಚ್ಚಿಡುವುದು ಸರಿಯಲ್ಲ. ಕೊಳವೆಬಾವಿಯ ಗಡಸುನೀರು ನಳಿಗೆಗಳೊಳಗೆ ಸುಣ್ಣದ ಹೆಪ್ಪು ಕಟ್ಟಿಸಿ ಕೆಲವೇ ವರ್ಷಗಳಲ್ಲಿ ಸಾಧನವನ್ನು ಕೆಡಿಸುವುದು. ತೊಟ್ಟಿಯಿಂದ ಬಚ್ಚಲಿಗೆ 20 ಮೀಟರು ಕೊಳವೆಯಿದ್ದರೆ, ಬಿಸಿನೀರು ಬರುವ ಮೊದಲು ಅದರೊಳಗೆ ನಿಂತ ಮೂರುನಾಲ್ಕು ಲೀಟರು ತಣ್ಣೀರು ಚರಂಡಿಗೆ ಹೋಗುವುದು. ಸುಮಾರು 100 ಕಿಲೋಮೀಟರು ದೂರದ ಕಾವೇರಿಯಿಂದ ನೂರಾರು ಮೀಟರು ಎತ್ತರಕ್ಕೆ ವಿದ್ಯುತ್ತಿನಿಂದಲೇ ಎತ್ತಿ ತಂದ ನೀರು ಅದು. ಉಳಿಸಿದ ಶಕ್ತಿಯಲ್ಲಿ ಒಂದಂಶವು ಹೀಗೆ ಮೋರಿಗೆ ಹರಿಯುತ್ತದೆ. ಬಸಳೆಯ ಚಪ್ಪರವಾದರೂ ಅಲ್ಲಿಲ್ಲ. ಇವೆಲ್ಲಕ್ಕಿಂತ ದೊಡ್ಡ ತೊಡಕು ಛಾವಣಿಯ ಒಡೆತನದ್ದು. ಬಾಡಿಗೆಯವನಿಗೆ ಛಾವಣಿಯಿಲ್ಲ. ಹತ್ತು ಹದಿನೈದು ಅಂತಸ್ತಿನ ವಸತಿಗಳಲ್ಲಿ ಮೇಲಿನ ಛಾವಣಿ ಮೇಲಿನ ಕೆಲವು ಮನೆಗಳಿಗೆ ಮಾತ್ರ ಸಾಕಾದೀತು. ನಿಯಮವು ಕಟ್ಟಡವನ್ನು ನೋಡುತ್ತದೆ, ವಾಸಿಸುವವನನ್ನು ನೋಡುವುದಿಲ್ಲ; ಖರ್ಚು ಮಾಡುವವನು ಒಬ್ಬ, ವಿದ್ಯುತ್ತಿನ ಲೆಕ್ಕ ತೆರುವವನು ಇನ್ನೊಬ್ಬನಾದ ಕಡೆ ಅಗ್ಗದ ಗೀಸರೇ ಗೋಡೆಯೇರುವುದು.

ಅಂಥ ಮನೆಗಳಿಗೆ ಎರಡು ಮಾರ್ಗಗಳುಂಟು. ಕಾದ ನೀರು ಸುಮ್ಮನೆ ನಿಂತಾಗ ಎಷ್ಟು ಶಾಖ ಸೋರುತ್ತದೆಂಬುದರ ಮೇಲೆ ತೊಟ್ಟಿಯುಳ್ಳ ಗೀಸರುಗಳಿಗೆ ನಕ್ಷತ್ರದ ಗುರುತುಗಳನ್ನು ಕೊಡುತ್ತಾರೆ. ಹೆಚ್ಚು ನಕ್ಷತ್ರದ್ದು ಕಡಿಮೆ ಸೋರುವುದು. ಎರಡನೆಯದು ಶಾಖದ ಪಂಪು. ತಣ್ಣನೆಯ ಪೆಟ್ಟಿಗೆಯು ಒಳಗಿನ ಕಾವನ್ನು ಹೊರಕ್ಕೆ ದೂಡುವಂತೆಯೇ ಇದು ಹೊರಗಿನ ಗಾಳಿಯ ಕಾವನ್ನು ಹೀರಿ ನೀರಿಗೆ ತುಂಬುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್‌ನಷ್ಟು ಶಾಖ ದೊರೆಯುವುದರಿಂದ, ಸ್ಥಾವರದಲ್ಲಿ ಕಳೆದುದು ಬಚ್ಚಲಿನಲ್ಲಿ ಮರಳಿ ಬಂದಂತಾಗುವುದು. ಬೆಲೆ ಮಾತ್ರ ಗೀಸರಿಗಿಂತ ಬಹಳ ಹೆಚ್ಚು. ಪಾವಗಡದ 2,050 ಮೆಗಾವಾಟ್ ಸೌರಕ್ಷೇತ್ರದಂಥವು ಬಂದ ಮೇಲೆ ವಿದ್ಯುತ್ತು ಮಧ್ಯಾಹ್ನ ಸಮೃದ್ಧವಾಗಿಯೂ ಬೆಳಗಿನ ಜಾವ ದುರ್ಲಭವಾಗಿಯೂ ಇರುವುದರಿಂದ, ಗೀಸರನ್ನೇ ಆಗಲಿ ಪಂಪನ್ನೇ ಆಗಲಿ ಮಧ್ಯಾಹ್ನ ನಡೆಸಿ ಬೆಳಗಿಗೆ ನೀರು ಕಾಯ್ದಿಡುವುದು ವಿವೇಕ. ಬೇಯ್ಲಿಯ ಹೊದಿಕೆಯ ಪಾಠವೇ ಇಲ್ಲಿಯೂ ನಿಲ್ಲುವುದು.

ಮಲೆನಾಡಿಗೂ ಕರಾವಳಿಗೂ ಬಂದರೆ ಬಿಸುಗದಿರನೇ ನಾಲ್ಕು ತಿಂಗಳು ಮರೆಯಾಗುತ್ತಾನೆ. ಬಿಸಿನೀರು ಅತ್ಯವಶ್ಯವಾದ ಕಾಲವೂ ಅದೇ. ಅಡಿಕೆಯ ಸಿಪ್ಪೆ ಅಟ್ಟದಲ್ಲಿ ಬೆಚ್ಚಗೆ ಕೂಡಿಟ್ಟಿರುವಾಗ ಅಲ್ಲಿಯ ಗೃಹಸ್ಥನು ನೀರೊಲೆಯನ್ನು ಬಿಡದಿರುವುದು ಹಳೆಯದರ ಮೋಹವೆಂದು ತಿಳಿಯತಕ್ಕುದಲ್ಲ. ಅನೇಕ ಮನೆಗಳಲ್ಲಿ ಎರಡೂ ಇವೆ: ಬೇಸಗೆಯಲ್ಲಿ ಛಾವಣಿಯ ನೀರು, ಮಳೆಗಾಲದಲ್ಲಿ ಹಂಡೆಯ ನೀರು. ಬಯಲುಸೀಮೆಯ ಬಡವರ ಪಾಡು ಹಾಗಲ್ಲ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಅಡಿಗೆಮನೆಗೆ ಅನಿಲ ಬಂದರೂ ಸಿಲಿಂಡರಿನ ಬೆಲೆಗಂಜಿ ಸ್ನಾನದ ನೀರನ್ನು ಈಗಲೂ ಮೂರು ಕಲ್ಲಿನ ಮೇಲೆ ಕಾಯಿಸುವ ಮನೆಗಳು ಬಹಳ. ಅಡಿಗೆಯ ಹೊಗೆಯನ್ನು ಲೆಕ್ಕಿಸಿದ ಯೋಜನೆಯು ಹಿತ್ತಿಲ ಹೊಗೆಯನ್ನು ಲೆಕ್ಕಿಸಲಿಲ್ಲ. ಜಾಲರಿಯೂ ಗೊಳವೆಯೂ ಉಳ್ಳ ನೀರೊಲೆಯೊಂದು ಆ ಮನೆಗಳಿಗೆ ಇನ್ನೂ ಸೇರಬೇಕಾಗಿದೆ. ಅದನ್ನು ಕಟ್ಟಬಲ್ಲ ಕೈಗಳು ಈಗ ಕಡಿಮೆಯಾಗಿವೆ.

ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ, ನರಕಚತುರ್ದಶಿಯ ಹಿಂದಿನ ದಿನ, ನೀರು ತುಂಬುವ ಹಬ್ಬ. ಬಚ್ಚಲನ್ನು ತೊಳೆದು, ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣುಗಳಿಂದ ಬರೆದು ಹೂವಿಟ್ಟು ನೀರು ತುಂಬುವರು. ಮರುದಿನ ಬೆಳಕು ಹರಿಯುವ ಮುನ್ನ ಎಲ್ಲರಿಗೂ ಅಭ್ಯಂಜನ. ಪಟ್ಟಣದ ಮನೆಗಳಲ್ಲಿ ಹಂಡೆಯಿಲ್ಲದುದರಿಂದ ಬಕೆಟ್ಟಿಗೂ ಕೊಳಗಕ್ಕೂ ಕುಂಕುಮ ಹಚ್ಚುವುದುಂಟು. ಛಾವಣಿಯ ಮೇಲಿನ ತೊಟ್ಟಿಯಲ್ಲಿ ಆ ಸಂಜೆಗೆ ನೀರು ಆಗಲೇ ಕಾದಿರುತ್ತದೆ.