ಬ್ಯಾಲೆನ್ಸ್ ಟೇಬಲ್ಲಿನ ಬಡ್ತಿ

ಬೆಂಗಳೂರಿನ ವಿದ್ಯಾರಣ್ಯಪುರದ ಆ ಮನೆಯಲ್ಲಿ ಕಿಟಕಿ ಪಕ್ಕದ ಮೇಜಿನ ಮೇಲೆ ಬಿಳಿ ಹಾಳೆ ಹಾಸಿದೆ. ಅದರ ಮೇಲೆ ಹಿಂಬದಿಯ ಮುಚ್ಚಳ ಬಿಚ್ಚಿದ ಎಚ್‌ಎಂಟಿ ಜನತಾ ವಾಚು. ಬಲಗಣ್ಣಿಗೆ ಐಗ್ಲಾಸ್ ಸಿಕ್ಕಿಸಿಕೊಂಡು, ಚಿಮಟ ಹಿಡಿದು ಆ ಹಿರಿಯ ಹೆಂಗಸು ಬಾಗಿದರೆಂದರೆ ಮಾತು ಬಂದ್. ವಾಚು ದಿನಕ್ಕೆ ಹಲವು ನಿಮಿಷ ಮುಂದೆ ಓಡುತ್ತಿದೆ. ಕೂದಲೆಳೆಯಂಥ ಹೇರ್‌ಸ್ಪ್ರಿಂಗಿನ ಸುತ್ತುಗಳು ಎಣ್ಣೆ ತಾಗಿ ಒಂದಕ್ಕೊಂದು ಅಂಟಿಕೊಂಡಿವೆ. ‘ತೆಗೆದು ನೋಡೋದೇ ಬೇಡ, ಸದ್ದಿನಲ್ಲೇ ಗೊತ್ತಾಗುತ್ತೆ’ ಎನ್ನುತ್ತಾರೆ. ಸರಿಯಿದ್ದರೆ ಈ ವಾಚು ಸೆಕೆಂಡಿಗೆ ಐದು ಸಲ ಟಿಕ್ ಅನ್ನಬೇಕು, ಗಂಟೆಗೆ 18,000 ಸಲ. ಆ ಲಯ ಅವರ ಕಿವಿಯಲ್ಲಿ ಕೂತುಬಿಟ್ಟಿದೆ.

ಎಚ್‌ಎಂಟಿ ಶುರುವಾದದ್ದು 1953ರಲ್ಲಿ, ಮೆಷಿನ್ ಟೂಲ್ಸ್ ಮಾಡಲು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲೇ ವಾಚ್ ಕಾರ್ಖಾನೆ ಬಂತು. ಇವರು ಸೇರಿದ್ದು ಎಪ್ಪತ್ತರ ದಶಕದಲ್ಲಿ, ಎಸ್ಸೆಸ್ಸೆಲ್ಸಿ ಮುಗಿಸಿ, ಎರಡು ಜಡೆಯ ಹುಡುಗಿಯಾಗಿ.

ಮೊದಲು ವಾಚು ಕೈಗೆ ಕೊಡಲೇ ಇಲ್ಲವಂತೆ. ಚಿಮಟದಿಂದ ಸ್ಕ್ರೂ ಎತ್ತುವುದು, ಇಡುವುದು, ಮತ್ತೆ ಎತ್ತುವುದು. ಬೆರಳ ಬೆವರು ತಾಗಿದರೆ ಉಕ್ಕು ತುಕ್ಕು ಹಿಡಿಯುತ್ತದೆ. ಬಲ ಹೆಚ್ಚಾದರೆ ಸ್ಕ್ರೂ ಹಾರಿಹೋಗುತ್ತದೆ. ಕೈ ಪಳಗಿದ ಮೇಲೆ ಚಕ್ರಗಳ ಟೇಬಲ್ಲು. ಆಮೇಲೆ ಚಕ್ರಗಳ ಓಟವನ್ನು ತಡೆತಡೆದು ಬಿಡುವ ಪ್ಯಾಲೆಟ್. ಅಲ್ಲಿಂದ ಹೇರ್‌ಸ್ಪ್ರಿಂಗಿನ ಜೊತೆ ಅತ್ತಿತ್ತ ತೂಗಿ ವಾಚಿನ ಲಯ ಕಾಯುವ ಬ್ಯಾಲೆನ್ಸ್. ಉದ್ದನೆಯ ಹಾಲಿನಲ್ಲಿ ಸಾಲಾಗಿ ಕೂತ ಹೆಂಗಸರ ನಡುವೆ ಒಂದೊಂದೇ ಟೇಬಲ್ಲು ಮುಂದೆ ಸರಿಯುವುದೇ ಬೆಳವಣಿಗೆ. ಹುದ್ದೆ, ಸಂಬಳ ಹಿಂದಿನಿಂದ ನಿಧಾನವಾಗಿ ಬಂದವು. ‘ಸೂಪರ್‌ವೈಸರ್ ಆದ ಲೆಟರ್ ಬಂದಾಗ ಮನೇಲಿ ಪಾಯಸ ಮಾಡಿದ್ರು. ನನಗೇನೋ, ಬ್ಯಾಲೆನ್ಸ್ ಟೇಬಲ್ಲಲ್ಲಿ ಕೂರಿಸಿದ ದಿನವೇ ದೊಡ್ಡದು.’

ಕೊನೆಗೆ ಟೈಮಿಂಗ್ ಮೆಷಿನ್. ವಾಚಿನ ಟಿಕ್ಕುಗಳನ್ನು ಅದು ಕಾಗದದ ಪಟ್ಟಿಯ ಮೇಲೆ ಚುಕ್ಕೆಗಳಾಗಿ ಮುದ್ರಿಸುತ್ತದೆ. ಸಾಲು ನೇರವಿದ್ದರೆ ಪಾಸ್. ಓರೆಯಾದರೆ ಮುಂದೆ ಅಥವಾ ಹಿಂದೆ. ಡಯಲ್ ಮೇಲಿಟ್ಟು, ಕೆಳಗಿಟ್ಟು, ಚಾವಿ ಕೆಳಮುಖ ಮಾಡಿ ನೋಡಬೇಕು, ಏಕೆಂದರೆ ಮಲಗಿಸಿದಾಗ ಸರಿ ನಡೆದ ವಾಚು ನಿಲ್ಲಿಸಿದಾಗ ಎಡವಬಹುದು. ಇಷ್ಟನ್ನು ಹೇಳುವಾಗ ಅವರ ಬೆರಳುಗಳು ಗಾಳಿಯಲ್ಲೇ ವಾಚನ್ನು ತಿರುಗಿಸುತ್ತಿದ್ದವು.

ಆಮೇಲೆ ಬ್ಯಾಟರಿಯಲ್ಲಿ ನಡೆಯುವ ಕ್ವಾರ್ಟ್ಜ್ ವಾಚು ಬಂತು. ಹೊಸೂರಿನಲ್ಲಿ ಟೈಟನ್ ಕಾರ್ಖಾನೆ ಎದ್ದಿತು. ಆ ಕಡೆ ಮುಖ ಮಾಡಿದ ಗೆಳತಿಯರೂ ಇದ್ದರು, ಇವರು ಹೋಗಲಿಲ್ಲ. ಒಂದೇ ಕಡೆ ಇದ್ದು ಬೆಳೆಯದೇ ಉಳಿದೆನೆಂಬ ಬೇಸರವಿದೆಯೇ ಎಂದು ಕೇಳಿದೆ.

‘ಇಲ್ಲಪ್ಪ. ಆದ್ರೆ ಹೊಸ ಅಪ್ರೆಂಟಿಸ್‌ಗಳು ಬರೋದು ನಿಂತೋಯ್ತಲ್ಲ, ಆಗ ಬೇಜಾರಾಯ್ತು. ಹೇಳಿಕೊಡೋಕೆ ಯಾರೂ ಇಲ್ದೆ ನಾನೆಲ್ಲಿ ಬೆಳೀಲಿ?’

ಬಡ್ತಿಯ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇಷ್ಟು ನಿಜವಾದದ್ದು ಕಡಿಮೆ. ನಮ್ಮ ಕಚೇರಿಗಳ ಮೌಲ್ಯಮಾಪನದ ಫಾರಂಗಳಲ್ಲಿ ನನ್ನ ಮೇಲೆ ಯಾರು, ನನಗೆಷ್ಟು ಎಂಬ ಲೆಕ್ಕವಿರುತ್ತದೆ. ನನ್ನಿಂದ ಯಾರು ಕಲಿತರು ಎಂಬ ಕಾಲಮ್ಮೇ ಇರುವುದಿಲ್ಲ.

ಅವರು ನಿವೃತ್ತರಾದ ಕೆಲವು ವರ್ಷಗಳ ಮೇಲೆ, 2016ರಲ್ಲಿ, ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಹಳೆಯ ವಾಚುಗಳಿಗೆ ಮಾತ್ರ ಬೇಡಿಕೆ ಏರಿತು. ಅಜ್ಜನ ಪೈಲಟ್, ಅಪ್ಪನ ಮದುವೆಯ ಕಾಂಚನ್ ಹಿಡಿದುಕೊಂಡು ಹುಡುಗರು ಈ ಮನೆಗೆ ಬರುತ್ತಾರೆ. ಅವರಲ್ಲೊಬ್ಬ, ಸಾಫ್ಟ್‌ವೇರ್ ಕಂಪನಿಯವನು, ಈಗ ಪ್ರತಿ ಭಾನುವಾರ ಬೆಳಿಗ್ಗೆ ಹಾಜರು. ಸದ್ಯಕ್ಕೆ ಸ್ಕ್ರೂ ಎತ್ತಿ ಇಡುತ್ತಿದ್ದಾನೆ. ಬ್ಯಾಲೆನ್ಸ್ ಮುಟ್ಟಲು ಅವರಿನ್ನೂ ಬಿಟ್ಟಿಲ್ಲ.