ಗಿಡಕ್ಕೆ ನೀರುಂಟು, ದುಡಿಯುವವನಿಗೆ?

ಕಾಸರಗೋಡಿನಂತೆಯೇ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಇನ್ನೊಂದು ಗಡಿನಾಡು ತಮಿಳುನಾಡಿನ ಹೊಸೂರು ಸೀಮೆ. ಅಲ್ಲಿ ಬಾಗಲೂರಿನಾಚೆ ಬೇರಿಕೆ ಎಂಬ ಊರಿದೆ. ಹೊಲವನ್ನೇ ನಂಬಿದ್ದ ಮನೆಗಳ ಮಕ್ಕಳು ಇಂದು ಹೊಸೂರಿನ ಕಾರ್ಖಾನೆಗಳಿಗೆ ಹೋಗುತ್ತಾರೆ.

ಈಚೆಗೆ ನಾವು ಅಲ್ಲಿಯ ನೆಂಟರ ಮನೆಗೆ ಹೋಗಿದ್ದಾಗ, ರಾತ್ರಿ ಪಾಳಿ ಮುಗಿಸಿ ಬಂದ ಹುಡುಗನನ್ನು, "ನಿಮ್ಮ ಕಂಪನಿ ಊರೂರಲ್ಲಿ ಗಿಡ ನೆಡಿಸುತ್ತಿದೆಯಂತೆ, ಒಳ್ಳೆಯದಲ್ಲವೇ?" ಎಂದು ಕೇಳಿದೆವು. ಅವನು ನಕ್ಕ. "ಗಿಡಕ್ಕೆ ಟ್ಯಾಂಕರಿನಲ್ಲಿ ನೀರು ಬರ್ತದೆ ಮಾವ. ನಮ್ಮ ಕುಡಿಯೋ ನೀರಿನ ನಲ್ಲಿ ಕೆಟ್ಟು ಎರಡು ತಿಂಗಳಾಯ್ತು. ಯಾರಿಗೆ ಹೇಳೋದು?"

ಈ ಮಾತನ್ನು ತಳ್ಳಿಹಾಕುವಂತಿಲ್ಲ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡಬೇಕು. ನೌಕರರಿಗೆ ಮಾತ್ರ ಪ್ರಯೋಜನವಾಗುವ ಕೆಲಸ ಈ ಲೆಕ್ಕಕ್ಕೆ ಸೇರದು. ಅದು ನ್ಯಾಯವೇ. ದುಡಿಯುವವನಿಗೆ ನೀರು ಕೊಡುವುದು ಮಾಲೀಕರ ಕರ್ತವ್ಯ, ಅದನ್ನು ದಾನದ ಪಟ್ಟಿಗೆ ಸೇರಿಸಲಾಗದು. ಷೇರುಪೇಟೆಯ ಮೊದಲ 1000 ಕಂಪನಿಗಳು ಪರಿಸರದ ಜತೆಗೆ ನೌಕರರ ಸುರಕ್ಷೆ, ದೂರುಗಳ ವಿವರವನ್ನೂ ವರದಿಯಲ್ಲಿ ಕೊಡಬೇಕೆಂದು 2022-23ರಿಂದ ಸೆಬಿ ಕಡ್ಡಾಯಗೊಳಿಸಿದೆ. ಆದರೆ ಯಂತ್ರದ ಮುಂದೆ ನಿಂತವನು ವರದಿ ಓದುವುದಿಲ್ಲ. ನಲ್ಲಿಯನ್ನು ನೋಡಿ ಕಂಪನಿಯನ್ನು ಅಳೆಯುತ್ತಾನೆ.

ಹೊಸೂರಿನಲ್ಲೇ ಒಳ್ಳೆಯ ಮೇಲ್ಪಂಕ್ತಿಯೂ ಇದೆ. ಟಾಟಾ ಸಮೂಹ ಮತ್ತು ತಮಿಳುನಾಡು ಸರಕಾರದ ಟಿಡ್ಕೊ ಸೇರಿ 1984ರಲ್ಲಿ ಸ್ಥಾಪಿಸಿದ ಟೈಟಾನ್, ತನ್ನ ಗಡಿಯಾರ ಕಾರ್ಖಾನೆಗೆ ಸುತ್ತಲಿನ ಹಳ್ಳಿಗಳಲ್ಲಿ ಶಾಲೆ ಮುಗಿಸಿದ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಅಂಗವಿಕಲರಿಗೂ ಕೆಲಸ ಕೊಟ್ಟಿತು. ಮೈರಾಡಾ ಸಂಸ್ಥೆಯ ನೆರವಿನಿಂದ ಹಳ್ಳಿಯ ಹೆಂಗಸರ ಗುಂಪುಗಳಿಗೆ ಗಡಿಯಾರದ ಪಟ್ಟಿ ಜೋಡಿಸುವ ಕೆಲಸ ದೊರೆಯಿತು.

ನಮಗೆ ಇನ್ನೂ ಹತ್ತಿರದ್ದು ಕಣ್ಣೂರಿನ ದಿನೇಶ್ ಬೀಡಿ. ಕೆಲಸ ಕಳೆದುಕೊಂಡ ಕಾರ್ಮಿಕರಿಗಾಗಿ 1969ರಲ್ಲಿ ಹುಟ್ಟಿದ ಆ ಸಹಕಾರ ಸಂಘದಲ್ಲಿ ಬೀಡಿ ಕಟ್ಟುವವರೇ ಸದಸ್ಯರು. ಒಬ್ಬರು ಪತ್ರಿಕೆ ಓದುವುದು, ಉಳಿದವರು ಬೀಡಿ ಕಟ್ಟುತ್ತಾ ಕೇಳುವುದು ಅಲ್ಲಿಯ ರೂಢಿಯಾಗಿತ್ತು. ತನ್ನ ಮಾತಿಗೆ ಬೆಲೆಯುಂಟು ಎಂದು ತಿಳಿದಾಗ ಮಾತ್ರ "ಇದು ನಮ್ಮ ಸಂಸ್ಥೆ" ಎಂಬ ಭಾವನೆ ಹುಟ್ಟುತ್ತದೆ.

ಆಡಳಿತದವರು ಹೆಚ್ಚೇನೂ ಮಾಡಬೇಕಾಗಿಲ್ಲ. ದೂರನ್ನು ಕನ್ನಡವೋ ತೆಲುಗೋ ತಮಿಳೋ, ಕಾರ್ಮಿಕನ ಭಾಷೆಯಲ್ಲೇ ಕೇಳಲಿ. ಇಂಥ ದಿನದೊಳಗೆ ಉತ್ತರ ಕೊಡಲಿ. ನಲ್ಲಿ ಸರಿಯಾದ ದಿನ ನಮ್ಮ ಬೇರಿಕೆಯ ಹುಡುಗ ತಾನಾಗಿಯೇ ಆ ಗಿಡಕ್ಕೊಂದು ತಂಬಿಗೆ ನೀರು ಹಾಕಿಯಾನು.