ಕಿಟಕಿ ತೆರೆಯುವ ಹೊತ್ತು

ಏಪ್ರಿಲ್ ತಿಂಗಳಲ್ಲಿ ರಾತ್ರಿ ಹತ್ತು ಗಂಟೆಗೆ ಗುರಪ್ಪನಪಾಳ್ಯದ ಅಥವಾ ತಿಲಕ್‌ನಗರದ ಬೀದಿಯಲ್ಲಿ ನಡೆದು ನೋಡಿ. ಹೊರಗೆ ತಂಗಾಳಿ ಸುಳಿಯುತ್ತಿರುತ್ತದೆ. ಎರಡನೇ ಮಹಡಿಯ ಮನೆಯೊಳಗೆ ಮಾತ್ರ ಮಕ್ಕಳು ಬೆವರಿ ಹೊರಳಾಡುತ್ತಿರುತ್ತಾರೆ. ಕಿಟಕಿ ಮುಚ್ಚಿದೆ, ಪರದೆ ಎಳೆದಿದೆ, ಫ್ಯಾನು ಒಳಗಿನ ಬಿಸಿ ಗಾಳಿಯನ್ನೇ ತಿರುಗಿಸುತ್ತಿದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. 2016ರ ಏಪ್ರಿಲ್‌ನಲ್ಲಿ ಇಲ್ಲಿನ ಹಗಲಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು, ನಿಜ. ಆದರೂ ಬೇಸಿಗೆಯ ನಸುಕಿನಲ್ಲಿ ಅದು ಸಾಮಾನ್ಯವಾಗಿ 21ರಿಂದ 24ಕ್ಕೆ ಇಳಿಯುತ್ತದೆ. ಮಂಗಳೂರಿನವರಿಗೆ ಇಲ್ಲದ ಭಾಗ್ಯ ಇದು. ಹಗಲೆಲ್ಲ ಕಾದ ಗೋಡೆ ಮತ್ತು ಆರ್‌ಸಿಸಿ ಚಾವಣಿ ರಾತ್ರಿ ಆ ಬಿಸಿಯನ್ನು ಒಳಗೆ ಬಿಡುತ್ತವೆ. ಅದನ್ನು ಹೊರಗೆ ಕಳಿಸಲು ಸಂಜೆಯ ನಂತರ ಕಿಟಕಿಗಳನ್ನು ತೆರೆಯಬೇಕು, ಬೆಳಿಗ್ಗೆ ಬಿಸಿಲೇರುವ ಮುನ್ನ ಮುಚ್ಚಿ ಪರದೆ ಎಳೆಯಬೇಕು. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಇದಕ್ಕೆ ತದ್ವಿರುದ್ಧ.

ಒಂದೇ ಕಿಟಕಿ ತೆರೆದರೆ ಸಾಲದು. ಗಾಳಿಗೆ ಬರುವ ದಾರಿಯಂತೆ ಹೋಗುವ ದಾರಿಯೂ ಬೇಕು. ಜಯನಗರದ ಹಳೆಯ ಮನೆಗಳಲ್ಲಿ ಸುತ್ತ ಜಾಗವಿರುತ್ತಿತ್ತು, ಚಾವಣಿಯ ಕೆಳಗೆ ವೆಂಟಿಲೇಟರ್ ಇರುತ್ತಿತ್ತು. ಮೇಲೇರಿದ ಬಿಸಿ ಗಾಳಿ ಅಲ್ಲಿಂದ ಹೋಗುತ್ತಿತ್ತು. ಇಲ್ಯಾಸ್‌ನಗರ, ಯಾರಬ್‌ನಗರದಂಥ ಕಡೆ 20x30 ಸೈಟಿನಲ್ಲಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿದವರಿಗೆ ಆ ಅನುಕೂಲವಿಲ್ಲ. ಅವರಿಗೆ ಉಳಿದಿರುವುದು ಮೆಟ್ಟಿಲು. ಟೆರೇಸಿನ ಬಾಗಿಲಿಗೆ ಜಾಲರಿಯ ಗ್ರಿಲ್ ಹಾಕಿಸಿ ರಾತ್ರಿ ತೆರೆದಿಟ್ಟರೆ, ಮನೆಯ ಬಿಸಿ ಅಲ್ಲಿಂದ ಏರಿ ಹೋಗುತ್ತದೆ. ಬಾಡಿಗೆ ಮನೆಯಾದರೆ ಟೇಬಲ್ ಫ್ಯಾನನ್ನು ಕಿಟಕಿಯ ಬಳಿ ಹೊರಮುಖವಾಗಿಟ್ಟು, ಎದುರು ಬದಿಯ ಕಿಟಕಿ ತೆರೆಯಿರಿ.

'ಎದುರು ಮನೆಯವರಿಗೆ ಒಳಗೆಲ್ಲ ಕಾಣುತ್ತದೆ' ಎಂಬುದು ನಮ್ಮ ಹೆಣ್ಣುಮಕ್ಕಳ ನ್ಯಾಯವಾದ ದೂರು. ಆದರೆ ಮರೆಗೂ ಗಾಳಿಗೂ ಜಗಳವಿಲ್ಲ. ವಿಜಯಪುರದ ಇಬ್ರಾಹಿಂ ರೌಝಾದ ಕಿಟಕಿಗಳನ್ನು ನೋಡಿದವರಿಗೆ ಗೊತ್ತು: ಕಲ್ಲಿನಲ್ಲಿ ಕೊರೆದ ಅರಬಿ ಅಕ್ಷರಗಳ ಸಂದಿನಿಂದಲೇ ಗಾಳಿ, ಬೆಳಕು ಒಳಗೆ ಬರುತ್ತವೆ. ಇಂದು ಮಣ್ಣಿನ ಅಥವಾ ಸಿಮೆಂಟಿನ ಜಾಲಿ ಬ್ಲಾಕ್‌ಗಳು ಸಿಗುತ್ತವೆ. ಅದಾಗದಿದ್ದರೆ ಕಿಟಕಿಯ ಕೆಳ ಅರ್ಧಕ್ಕೆ ಮಾತ್ರ ಪರದೆ ಹಾಕಿ, ಮೇಲರ್ಧ ಬಿಡಿ.

ಖರ್ಚಿನ ಲೆಕ್ಕವನ್ನೂ ನೋಡೋಣ. ಒಂದೂವರೆ ಟನ್ನಿನ ಎಸಿ ರಾತ್ರಿ ಎಂಟು ಗಂಟೆ ಓಡಿದರೆ ಎಂಟು-ಹತ್ತು ಯೂನಿಟ್ ಸುಡಬಹುದು. 75 ವ್ಯಾಟಿನ ಸೀಲಿಂಗ್ ಫ್ಯಾನ್‌ಗೆ ಬೇಕಾಗುವುದು 0.6 ಯೂನಿಟ್. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಎಸಿ ತಂದ ಮನೆ ಆ ಗೆರೆ ದಾಟಲು ಹೆಚ್ಚು ದಿನ ಬೇಡ.

ಗಾಳಿಯಾಡದ ಮನೆಯಲ್ಲಿ ತೇವ ನಿಂತು ಗೋಡೆಗೆ ಬೂಷ್ಟು ಹಿಡಿಯುತ್ತದೆ, ಅದು ಅಸ್ತಮಾವನ್ನು ಕೆರಳಿಸುತ್ತದೆ. ಮನೆಯಲ್ಲೊಬ್ಬರಿಗೆ ಕ್ಷಯವಿದ್ದರೆ ಉಳಿದವರಿಗೆ ಹರಡುವ ಅಪಾಯ ಹೆಚ್ಚು. ಇಫ್ತಾರಿಗೆ ಸಮೋಸ ಕರಿಯುವ ಅಡುಗೆಮನೆಯ ಹೊಗೆಯನ್ನು ಉಪವಾಸವಿರುವ ತಾಯಿಯೇ ಉಸಿರಾಡುತ್ತಾಳೆ. ಎಕ್ಸಾಸ್ಟ್ ಫ್ಯಾನನ್ನು ಒಲೆ ಹಚ್ಚುವ ಮೊದಲೇ ಹಾಕಿ, ಕಿಟಕಿಯನ್ನೂ ಸ್ವಲ್ಪ ತೆರೆದಿಡಿ. ಸ್ನಾನಗೃಹದೊಳಗೆ ಗ್ಯಾಸ್ ಗೀಸರ್ ಇದ್ದರೆ ತಡಮಾಡಬೇಡಿ, ಅದನ್ನು ಹೊರಗಡೆಗೆ ಹಾಕಿಸಿ. ಮುಚ್ಚಿದ ಕೋಣೆಯಲ್ಲಿ ಅದು ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ನಮ್ಮ ರಾಜ್ಯದಲ್ಲಿ ಸ್ನಾನಕ್ಕೆ ಹೋದವರು ಹೀಗೆ ಸತ್ತಿರುವುದು ಒಂದೆರಡು ಬಾರಿಯಲ್ಲ.

ಸೊಳ್ಳೆಯ ಭಯ ಸಹಜ. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ, ಬೆಳಿಗ್ಗೆ ಮತ್ತು ಸೂರ್ಯಾಸ್ತಕ್ಕೆ ಮುಂಚೆ. ಹಾಗಾಗಿ ಮೆಶ್ ಬೇಕೇ ಬೇಕು. ಆದರೆ ಬನ್ನೇರುಘಟ್ಟ ರಸ್ತೆಯಂಥ ಕಡೆ ಕೆಲವೇ ವಾರಗಳಲ್ಲಿ ಧೂಳು ಅದರ ಕಣ್ಣುಗಳನ್ನು ಮುಚ್ಚಿಬಿಡುತ್ತದೆ. ಕಿಟಕಿ ತೆರೆದರೂ ಗಾಳಿ ಬರುವುದಿಲ್ಲ ಎನ್ನುವವರು ಮೊದಲು ಮೆಶ್‌ ಮೇಲೆ ಬೆರಳಾಡಿಸಿ ನೋಡಲಿ. ತಿಂಗಳಿಗೊಮ್ಮೆ ಸೋಪಿನ ನೀರಿನಲ್ಲಿ ಬ್ರಷ್ ಹಾಕಿ ತೊಳೆದರೆ ಆಯಿತು.